ಪ್ರಶ್ನೆ ಕೇಳಲು ಒಂದು ಸಂಜೆ ಕೊಡಿ

ಸಂಪಾದಕರಿಗೆ ನಮಸ್ಕಾರ.

ನಾನು ಬೆಟಗೇರಿಯವನು. ವಯಸ್ಸು 68. ಗದುಗಿನ ಒಂದು ಪ್ರೆಸ್ಸಿನಲ್ಲಿ 30 ವರ್ಷಕ್ಕೂ ಜಾಸ್ತಿ ಕಂಪೋಸಿಟರ್ ಆಗಿ ಮೊಳೆ, ಅಂದರೆ ಅಚ್ಚಿನ ಅಕ್ಷರ, ಜೋಡಿಸಿದ್ದೇನೆ. ಗದಗ ಅಂದರೆ ಮುದ್ರಣ ಕಾಶಿ ಅನ್ನುತ್ತಿದ್ದ ಕಾಲ ಅದು. ಲಗ್ನಪತ್ರಿಕೆ, ಜಾತ್ರೆಯ ಹ್ಯಾಂಡ್‌ಬಿಲ್, ಪಂಚಾಂಗ, ಪಠ್ಯಪುಸ್ತಕ, ಎಲ್ಲಾ ಈ ಕೈಯಿಂದ ಹೋಗಿವೆ.

ನಾನು ಹುಟ್ಟಿನಿಂದ ಕ್ರೈಸ್ತ. ಚರ್ಚಿನಲ್ಲಿ ಸೇರುವ ಜನರ ಕೂಟಕ್ಕೆ ನಾವು ಸಭೆ ಅನ್ನುತ್ತೇವೆ. ನಮ್ಮ ಸಭೆಯಲ್ಲಿ ಕಳೆದ ಜೂನ್ ತಿಂಗಳಿಂದ ಪ್ರತಿ ಬುಧವಾರ ಸಂಜೆ 7ಕ್ಕೆ ದೊಡ್ಡವರಿಗಾಗಿಯೇ ಒಂದು ಪಾಠ ನಡೆಯುತ್ತಿದೆ. ಮಕ್ಕಳಿಗೆ ಸಂಡೇ ಸ್ಕೂಲ್ ಎಲ್ಲಾ ಕಡೆ ಇದೆ. ದೊಡ್ಡವರಿಗೆ ಇಲ್ಲ. ದೊಡ್ಡವರಿಗೆ ಎಲ್ಲಾ ಗೊತ್ತಿದೆ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ, ದೊಡ್ಡವರೂ ಹಾಗೇ ಸುಮ್ನೆ ಕೂತಿರುತ್ತಾರೆ. ನಿಮ್ಮ ಪತ್ರಿಕೆ ಹುಬ್ಬಳ್ಳಿ, ಧಾರವಾಡ, ಹಾವೇರಿಯ ಸಭೆಗಳ ಹಿರಿಯರ ಮನೆಗೂ ಹೋಗುತ್ತದೆ. ಅವರು ಓದಲಿ ಅಂತಲೇ ಈ ಪತ್ರ.

ಮೊದಲ ಬುಧವಾರ ಯಾರೂ ಬಾಯಿ ಬಿಡಲಿಲ್ಲ. ಎರಡನೇ ವಾರ, ಸಂತೆಯಲ್ಲಿ ಕಾಯಿಪಲ್ಲೆ ಮಾರುವ ಒಬ್ಬ ಅಕ್ಕ ಸೆರಗು ಸರಿಮಾಡಿಕೊಂಡು ಕೇಳಿದಳು: "ಅಯ್ನಾರ, ಪ್ರತಿ ಐತಾರ ವಿಶ್ವಾಸಪ್ರಮಾಣ ಹೇಳ್ತೀವಲ್ರೀ, ಅದರಾಗ ಪಿಲಾತನ ಹೆಸರು ಯಾಕ ಐತ್ರೀ? ಅವ ಯೇಸುನ್ನ ಶಿಲುಬಿಗೆ ಕಳಿಸಿದಾಂವ. ಅಂಥಾವನ ಹೆಸರು ದೇವರ ಮುಂದ ನಾವ್ಯಾಕ ಹೇಳಬೇಕ್ರೀ? ಮದುವಿ ಆಗಿ ಈ ಸಭಾಕ್ಕ ಬಂದಾಗಿಂದ ಇದು ನನ್ನ ಹೊಟ್ಟ್ಯಾಗ ಐತಿ."

ನಾನು ಬೆಚ್ಚಿಬಿದ್ದೆ. ವಿಶ್ವಾಸಪ್ರಮಾಣ ಅಂದರೆ ನಾವು ನಂಬುವುದು ಏನು ಅಂತ ಚರ್ಚಿನಲ್ಲಿ ಎಲ್ಲರೂ ಸೇರಿ ಹೇಳುವ ಮಾತು. ಆರೇಳು ವರ್ಷದವನಿದ್ದಾಗಿಂದ ನಾನೂ ಅದನ್ನು ಹೇಳುತ್ತಿದ್ದೇನೆ. ಒಮ್ಮೆಯೂ ನನಗೆ ಈ ಪ್ರಶ್ನೆ ಬಂದಿರಲಿಲ್ಲ.

ನಮ್ಮ ಸಭಾಪಾಲಕರು, ಅಂದರೆ ಪಾದ್ರಿಗಳು, ಆ ಅಕ್ಕನಿಗೆ ಕೈಮುಗಿದೇ ಉತ್ತರ ಕೊಟ್ಟರು. ವಿಶ್ವಾಸಪ್ರಮಾಣದಲ್ಲಿ ಯೇಸುವನ್ನು ಬಿಟ್ಟರೆ ಎರಡೇ ಮನುಷ್ಯರ ಹೆಸರು ಇದೆ. ಒಂದು ಯೇಸುವಿನ ತಾಯಿ ಮರಿಯಳದು, ಇನ್ನೊಂದು ಪೊಂತ್ಯ ಪಿಲಾತನದು. ಪಿಲಾತ ಕ್ರಿ.ಶ. 26ರಿಂದ 36ರವರೆಗೆ ಯೆರೂಸಲೇಮ್ ಇದ್ದ ಯೂದಾಯ ಪ್ರಾಂತದಲ್ಲಿ ರೋಮ್ ಸರಕಾರದ ಅಧಿಕಾರಿ. ಯೇಸುವಿನ ಮರಣ ಒಂದಾನೊಂದು ಕಾಲದ ಕಥೆ ಅಲ್ಲ, ಇಂಥ ಅಧಿಕಾರಿ ಕೂತಿದ್ದಾಗ, ಇಂಥ ಊರಲ್ಲಿ ನಡೆದದ್ದು ಅಂತ ಹೇಳಲಿಕ್ಕೆ ಅವನ ಹೆಸರು ಬೇಕಾಯಿತು. 1961ರಲ್ಲಿ ಕೈಸರೈಯ ಎಂಬ ಸಮುದ್ರದಂಡೆಯ ಹಳೇ ಪಟ್ಟಣದಲ್ಲಿ ಅಗೆಯುವಾಗ ಅವನ ಹೆಸರು ಕೆತ್ತಿದ ಒಂದು ಕಲ್ಲು ಸಿಕ್ಕಿತಂತೆ. ಅದನ್ನು ಯಾರೋ ಒಡೆದು ಮೆಟ್ಟಿಲಿಗೆ ಹಾಕಿದ್ದರಂತೆ. ಅರ್ಧ ಅಕ್ಷರ ಸವೆದುಹೋಗಿವೆ, ಆದರೆ ಪಿಲಾತನ ಹೆಸರು ಉಳಿದಿದೆ.

ಅಕ್ಕ ಸ್ವಲ್ಪ ಹೊತ್ತು ವಿಚಾರ ಮಾಡಿದಳು. "ಅಂದ್ರ ಅವನ ಹೆಸರು ತಾರೀಖ ಇದ್ದಂಗ, ಹೌದಿಲ್ರೀ?" ಅಂದಳು. ಹೌದು, ಅಷ್ಟೇ. ಮುಂದಿನ ಭಾನುವಾರ ಆ ಸಾಲು ಬಂದಾಗ ಅವಳ ದನಿ ನಮ್ಮೆಲ್ಲರಿಗಿಂತ ಜೋರಾಗಿತ್ತು.

ಇಂಥ ಪ್ರಶ್ನೆ ಎಷ್ಟು ಜನರ ಹೊಟ್ಟೆಯಲ್ಲಿ ಎಷ್ಟು ವರ್ಷದಿಂದ ಇವೆಯೋ! ನಮ್ಮ ಭಾಗಕ್ಕೆ ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಶನರಿ ಸಂಸ್ಥೆಯಾದ ಬಾಸೆಲ್ ಮಿಶನ್ನಿನವರು ಬಂದು ಬಹಳ ಕಾಲ ಆಯಿತು. ಧಾರವಾಡಕ್ಕೆ 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ, ನಮ್ಮ ಬೆಟಗೇರಿಗೆ 1841ರಲ್ಲಿ. ನಾನು ದೃಢೀಕರಣಕ್ಕೆ, ಅಂದರೆ ಸಭೆಯ ಪೂರ್ಣ ಸದಸ್ಯನಾಗುವ ವಿಧಿಗೆ, ಮೊದಲು ಕಲಿತದ್ದು ಪ್ರಶ್ನೋತ್ತರದ ಪಾಠ. ಜರ್ಮನಿಯ ಚರ್ಚ್ ಸುಧಾರಕ ಲೂಥರ್ 1529ರಲ್ಲಿ ಸಾಮಾನ್ಯ ಜನರಿಗಾಗಿ ಇಂಥದ್ದೊಂದು ಚಿಕ್ಕ ಪುಸ್ತಕ ಬರೆದರು. ಹಳ್ಳಿಯ ಸಭೆಗಳನ್ನು ಸುತ್ತಿ, ಜನರಿಗೆ ಹತ್ತು ಆಜ್ಞೆಗಳೂ ಕರ್ತನ ಪ್ರಾರ್ಥನೆಯೂ ಬಾರದ್ದನ್ನು ನೋಡಿ ಬರೆದದ್ದು ಅದು. ಅದರಲ್ಲಿ ಪ್ರತಿ ಸಾಲಿಗೂ "ಇದೇನು?" ಅನ್ನುವ ಪ್ರಶ್ನೆ ಬರುತ್ತದೆ. ಒಳ್ಳೆಯ ಪ್ರಶ್ನೆ. ಆದರೆ ನಮ್ಮ ಕಾಲಕ್ಕೆ ಪ್ರಶ್ನೆಯೂ ಪುಸ್ತಕದ್ದೇ, ಉತ್ತರವೂ ಪುಸ್ತಕದ್ದೇ. ನಾವು ಎರಡನ್ನೂ ಬಾಯಿಪಾಠ ಮಾಡಿದೆವು. ನಮ್ಮ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ, ನಾವೂ ಹೇಳಲಿಲ್ಲ.

ಈಗ ನನ್ನ ಮನಸ್ಸಿಗೆ ಬಹಳ ಹತ್ತಿರದ ವಿಷಯಕ್ಕೆ ಬರುತ್ತೇನೆ.

ಪ್ರತಿ ಡಿಸೆಂಬರ್‌ನಲ್ಲಿ ನಾನು ಬೇರೆ ಬೇರೆ ಸಭೆಗಳ ಕ್ಯಾಲೆಂಡರ್‌ಗೆ, ಹೊಸ ವರ್ಷದ ವಾಗ್ದಾನದ ಚೀಟಿಗೆ ಬೈಬಲ್ ವಚನ ಜೋಡಿಸುತ್ತಿದ್ದೆ. ಹೆಚ್ಚಾಗಿ ಬರುತ್ತಿದ್ದದ್ದು ಪ್ರವಾದಿ ಯೆರೆಮೀಯನ ಪುಸ್ತಕದ 29ನೇ ಅಧ್ಯಾಯ, 11ನೇ ವಚನ. ದೇವರು ನಿಮಗೆ ಕೇಡನ್ನಲ್ಲ, ಹಿತವನ್ನೇ ಯೋಚಿಸಿದ್ದಾನೆ, ನಿಮಗೆ ಒಳ್ಳೆಯ ಗತಿ ಇದೆ, ನಿರೀಕ್ಷೆ ಇದೆ ಅನ್ನುವ ಅರ್ಥದ ಮಾತು. ಮೊಳೆ ಜೋಡಿಸುವವನು ಅಕ್ಷರಗಳನ್ನು ತಿರುವುಮುರುವಾಗಿ ಓದುತ್ತಾನೆ. ಮೊಳೆ ಜೋಡಿಸುವ ಕೈಪಟ್ಟಿಯಾದ ಸ್ಟಿಕ್ಕಿನಲ್ಲಿ ಅಕ್ಷರ ಕನ್ನಡಿಯಲ್ಲಿ ಕಂಡಂತೆ ನಿಂತಿರುತ್ತವೆ. ಒತ್ತಕ್ಷರ, ಕೊಂಬು, ದೀರ್ಘ ಒಂದೊಂದನ್ನೂ ಬೆರಳಿಂದ ಮುಟ್ಟಿ ಕೂರಿಸಬೇಕು. ಆ ವಚನವನ್ನು ನಾನು ಎಷ್ಟು ಸಲ ಹೀಗೆ ಬೆರಳಿಂದ ಮುಟ್ಟಿದ್ದೇನೋ ಲೆಕ್ಕ ಇಲ್ಲ. ಅದರ ಹಿಂದಿನ 10ನೇ ವಚನವನ್ನು ಮಾತ್ರ ಒಮ್ಮೆಯೂ ಓದಿರಲಿಲ್ಲ.

ಈ ಜನವರಿಯಲ್ಲಿ ಪಾಠಕ್ಕೆ ಬರುವ ಒಬ್ಬ ನರ್ಸ್ ತಂಗಿ ಗೋಡೆಯ ಕ್ಯಾಲೆಂಡರ್ ತೋರಿಸಿ, ಇದನ್ನು ಯಾರು ಯಾರಿಗೆ ಹೇಳಿದ್ದು ಅಂತ ಕೇಳಿದಳು. ಆವತ್ತು ಇಡೀ ಅಧ್ಯಾಯ ಓದಿದೆವು. ಅದು ಒಂದು ಕಾಗದ. ಯೆರೂಸಲೇಮಿನಲ್ಲಿದ್ದ ಯೆರೆಮೀಯ, ಬಾಬೆಲಿಗೆ ಸೆರೆಯಾಗಿ ಹೋದ ತನ್ನ ಜನರಿಗೆ ಬರೆದದ್ದು. ಬೇಗ ಬಿಡುಗಡೆ ಆಗುತ್ತದೆ ಅಂತ ಹೇಳುವವರನ್ನು ನಂಬಬೇಡಿ ಅನ್ನುತ್ತಾನೆ. ಅಲ್ಲೇ ಮನೆ ಕಟ್ಟಿರಿ, ತೋಟ ಮಾಡಿರಿ, ಮಕ್ಕಳ ಮದುವೆ ಮಾಡಿರಿ, ನೀವು ಸೆರೆಯಲ್ಲಿರುವ ಆ ಊರಿನ ಕ್ಷೇಮಕ್ಕಾಗಿ ಪ್ರಾರ್ಥನೆ ಮಾಡಿರಿ ಅನ್ನುತ್ತಾನೆ. 10ನೇ ವಚನದಲ್ಲಿ 70 ವರ್ಷ ಅಂತ ಇದೆ. 70 ವರ್ಷ! ಅಂದರೆ ಆ ಕಾಗದ ಕೇಳಿಸಿಕೊಂಡ ದೊಡ್ಡವರಲ್ಲಿ ಬಹಳ ಜನ ಊರಿಗೆ ಮರಳುವುದಿಲ್ಲ. ಅವರ ಮೊಮ್ಮಕ್ಕಳು ಮರಳಬೇಕು. ಅಂಥವರಿಗೆ ದೇವರು, ನಿಮ್ಮನ್ನು ಮರೆತಿಲ್ಲ ಅಂದದ್ದು.

ಅದನ್ನು ಕೇಳಿ ನನಗೆ ಅಳು ಬಂತು. ಕಾರಣ ಹೇಳುತ್ತೇನೆ.

ನನ್ನ ತಮ್ಮನ ಹೆಂಡತಿ ಕಿಡ್ನಿ ಬೇನೆಯಿಂದ ತೀರಿಕೊಂಡು 9 ವರ್ಷ ಆಯಿತು. ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ಹುಬ್ಬಳ್ಳಿಗೆ ಹೋಗಿಬರುತ್ತಿದ್ದಳು. ಬರುವಾಗ ಬಸ್ಸಿನಲ್ಲಿ ಅವಳ ತಲೆ ನನ್ನ ತಮ್ಮನ ಹೆಗಲ ಮೇಲೆ. ಆಗ ಹೊರಗಿನಿಂದ ಬಂದ ಒಬ್ಬ ಬೋಧಕರು ಮನೆಗೆ ಬಂದು ಪ್ರಾರ್ಥನೆ ಮಾಡಿದರು. ಇದೇ ವಚನ ಓದಿದರು. ನಂಬಿಕೆ ಇದ್ದರೆ ಮೂರು ತಿಂಗಳಲ್ಲಿ ಪೂರ್ತಿ ವಾಸಿ ಅಂದರು. ನಾಲ್ಕನೇ ತಿಂಗಳು ಅವಳು ಹೋದಳು. ಮಣ್ಣು ಕೊಟ್ಟು ಬಂದ ರಾತ್ರಿ ತಮ್ಮ ನನ್ನನ್ನು ಕೇಳಿದ: "ಅಣ್ಣಾ, ಹಂಗಾದ್ರ ನನ್ನ ನಂಬಿಕಿ ಕಡಿಮಿ ಬಿತ್ತೇನು?" ಅವನಿಗೆ ಏನು ಹೇಳಬೇಕೋ ನನಗೆ ತಿಳಿಯಲಿಲ್ಲ. ಅಂದಿನಿಂದ ಅವನು ಚರ್ಚಿನ ಮೆಟ್ಟಿಲು ಹತ್ತಲಿಲ್ಲ.

ಸುವಾರ್ತೆ ಅಂದರೆ ಯೇಸುವಿನ ಜೀವನ ಹೇಳುವ ಬೈಬಲ್ಲಿನ ಪುಸ್ತಕ. ಯೋಹಾನನ ಸುವಾರ್ತೆ 9ನೇ ಅಧ್ಯಾಯದಲ್ಲಿ ಶಿಷ್ಯರು ಹುಟ್ಟುಕುರುಡನನ್ನು ನೋಡಿ, ಪಾಪ ಮಾಡಿದವರು ಯಾರು, ಇವನೋ ಇವನ ತಂದೆತಾಯಿಯೋ ಅಂತ ಕೇಳುತ್ತಾರೆ. ಇವನೂ ಅಲ್ಲ, ಅವರೂ ಅಲ್ಲ ಅನ್ನುತ್ತಾನೆ ಯೇಸು. ಈ ಒಂದು ಮಾತು ಆ ರಾತ್ರಿ ನನಗೆ ಗೊತ್ತಿದ್ದರೆ ಸಾಕಿತ್ತು. ಬೈಬಲ್ ನಮ್ಮ ಮನೆಯ ಕಪಾಟಿನಲ್ಲೇ ಇತ್ತು, ಮೇಲೆ ಕಸೂತಿ ಬಟ್ಟೆ ಹೊದಿಸಿ.

ಬೈಬಲ್ಲಿನ ಎರಡನೇ ಭಾಗವಾದ ಹೊಸ ಒಡಂಬಡಿಕೆಗೆ ಈಗಿನಂತೆ ವಚನದ ಅಂಕಿ ಹಾಕಿದ್ದು ಒಬ್ಬ ಮುದ್ರಕ ಅಂತ ಪಾಠದಲ್ಲೇ ತಿಳಿಯಿತು. ಫ್ರಾನ್ಸಿನ ರಾಬರ್ಟ್ ಎಸ್ತಿಯೆನ್, 1551ರಲ್ಲಿ. ನಮ್ಮ ಕಸುಬಿನವನು ಅಂತ ನನಗೆ ಹೆಮ್ಮೆಯಾಯಿತು. ಜಾಗ ಬೇಗ ಸಿಗಲಿ ಅಂತ ಹಾಕಿದ ಅಂಕಿ ಅವು. ಅಲ್ಲಿ ಕತ್ತರಿಸಿ ತೆಗೆಯಿರಿ ಅಂತ ಹಾಕಿದ್ದಲ್ಲ, ಅಲ್ವಾ?

ನಾವು ಶುರು ಮಾಡಿದ್ದು ಮಾರ್ಕನ ಸುವಾರ್ತೆಯಿಂದ. ನಾಲ್ಕು ಸುವಾರ್ತೆಗಳಲ್ಲಿ ಅದೇ ಚಿಕ್ಕದು, 16 ಅಧ್ಯಾಯ. ಕ್ರಿಸ್ಮಸ್ಸಿಗೆ ಮೊದಲು ಮುಗಿಯಿತು. ಮೊದಲ ಅಧ್ಯಾಯದಲ್ಲೇ ಯೇಸು, ದೇವರ ಕಡೆಗೆ ತಿರುಗಿಕೊಳ್ಳಿರಿ ಅನ್ನುತ್ತಾನೆ. ಪಶ್ಚಾತ್ತಾಪ ಅಂದರೆ ಮರುಗುತ್ತಾ ಕೂರುವುದು ಅಂತಲೇ ನಾನು ತಿಳಿದಿದ್ದೆ. "ಹೊಂಟ ದಾರಿ ತಪ್ಪೈತಿ ಅಂತ ಗಾಡಿ ತಿರುಗಿಸೂದಲ್ರೀ ಅದು" ಅಂದ ನಮ್ಮ ಆಟೋ ಓಡಿಸುವ ಹುಡುಗ. ಇಷ್ಟು ಸರಳವಾಗಿ ಪಾದ್ರಿಗಳ ಯಾವ ಪ್ರಸಂಗದಲ್ಲೂ ನಾನು ಕೇಳಿರಲಿಲ್ಲ.

ಕೊನೆಯ ಅಧ್ಯಾಯಕ್ಕೆ ಬಂದಾಗ ಸ್ವಲ್ಪ ಗದ್ದಲವೇ ಆಯಿತು. ಪಿಯುಸಿ ಓದುವ ಒಬ್ಬ ಹುಡುಗ ಮೊಬೈಲ್‌ನಲ್ಲಿ ಓದಿಕೊಂಡು ಬಂದಿದ್ದ. ಕೊನೆಯ 12 ವಚನ ಬಹಳ ಹಳೇ ಪ್ರತಿಗಳಲ್ಲಿ ಇಲ್ಲವಂತೆ, ನಿಜವಾ ಅಂತ ಕೇಳಿದ. ಒಬ್ಬ ಹಿರಿಯರು ಸಿಟ್ಟಿನಿಂದ ಎದ್ದು ನಿಂತರು. ಸಭಾಪಾಲಕರು ಅವರನ್ನು ಕೂರಿಸಿ, ನಿಜ ಅಂದರು. ನಾಲ್ಕನೇ ಶತಮಾನದ ಎರಡು ದೊಡ್ಡ ಗ್ರೀಕ್ ಪ್ರತಿಗಳಲ್ಲಿ ಸುವಾರ್ತೆ 8ನೇ ವಚನಕ್ಕೇ ನಿಲ್ಲುತ್ತದೆ, ಖಾಲಿ ಸಮಾಧಿ ನೋಡಿದ ಹೆಂಗಸರು ಹೆದರಿ ಓಡಿಹೋದರು ಅನ್ನುವಲ್ಲಿಗೆ. ಯೇಸು ಎದ್ದಿದ್ದಾನೆ ಅನ್ನುವ ಮಾತು ಅದಕ್ಕೂ ಮೊದಲೇ, 6ನೇ ವಚನದಲ್ಲೇ ಇದೆ ಅಂತಲೂ ತೋರಿಸಿದರು.

ಆಗ ನಾನೂ ಎದ್ದು ನನ್ನ ಕಸುಬಿನ ಮಾತು ಹೇಳಿದೆ. ಎರಡು ಸಾಲು ಒಂದೇ ಪದದಿಂದ ಮುಗಿದರೆ ನಕಲು ಮಾಡುವವನ ಕಣ್ಣು ಮೇಲಿನ ಸಾಲಿನಿಂದ ಕೆಳಗಿನದಕ್ಕೆ ಜಾರುತ್ತದೆ, ನಡುವಿನದು ಬಿಟ್ಟುಹೋಗುತ್ತದೆ. ಒಮ್ಮೆ ಲಗ್ನಪತ್ರಿಕೆಯೊಂದರಲ್ಲಿ ನನ್ನಿಂದ ಹೀಗೇ ಒಂದು ಸಾಲು ಬಿಟ್ಟುಹೋಗಿತ್ತು. ಮೂಲ ಪ್ರತಿ ಪಕ್ಕಕ್ಕಿಟ್ಟು ಪ್ರೂಫ್ ನೋಡಿದ್ದಕ್ಕೆ ಸಿಕ್ಕಿತು. ಮಾರ್ಕನ ಕೊನೆಗೆ ಆದದ್ದು ಇದೇ ಅಂತ ನಾನು ಹೇಳಲಿಲ್ಲ. ಕೈಬರಹದಲ್ಲಿ ಪ್ರತಿಯಿಂದ ಪ್ರತಿಗೆ ವ್ಯತ್ಯಾಸ ಬರುತ್ತದೆ, ಒಂದರ ಪಕ್ಕ ಒಂದು ಇಟ್ಟು ನೋಡಿದರೇ ಅದು ತಿಳಿಯುತ್ತದೆ ಅಂತ ಹೇಳಿದೆ. ಹೊಸ ಒಡಂಬಡಿಕೆಯ ಗ್ರೀಕ್ ಕೈಬರಹಗಳು, ಚೂರುಪಾರು ಸೇರಿ, 5,000ಕ್ಕೂ ಜಾಸ್ತಿ ಇವೆ. ಆ ಹುಡುಗ ಈಗಲೂ ಬುಧವಾರ ತಪ್ಪಿಸುವುದಿಲ್ಲ. ಅವತ್ತು ಅವನನ್ನು ಗದರಿಸಿ ಕೂರಿಸಿದ್ದರೆ ಬರುತ್ತಿದ್ದನಾ?

ನಮ್ಮ ಓಣಿಯ ಲಿಂಗಾಯತ ಮಾಸ್ತರರು ಬುಧವಾರ ಏನು ನಡೆಸುತ್ತೀರಿ ಅಂತ ಕೇಳಿದರು. ಹೇಳಿದೆ. "ನಮ್ಮ ತೋಂಟದಾರ್ಯ ಮಠದ ಶಿವಾನುಭವ ಇದ್ದಂಗ ಅನ್ರಿ" ಅಂದರು. ಅವರಲ್ಲೂ ವಚನ, ಶರಣರದು; ನಮ್ಮಲ್ಲೂ ವಚನ, ಬೈಬಲ್ಲಿನದು. ಕೂತು ಅರ್ಥ ಕೇಳುವ ರೂಢಿ ಈ ಊರಿಗೆ ಹೊಸದಲ್ಲ.

ಪ್ರಶ್ನೆ ಕೇಳಲು ಬಿಟ್ಟರೆ ನಂಬಿಕೆ ಸಡಿಲ ಆಗುತ್ತದೆ ಅಂತ ಕೆಲವು ಹಿರಿಯರಿಗೆ ಭಯ. ಅವರಿಗೆ ನಾನು ತೋರಿಸುವುದು ಬೈಬಲ್ಲಿನ ಅಪೊಸ್ತಲರ ಕೃತ್ಯಗಳು ಎಂಬ ಪುಸ್ತಕದ 17ನೇ ಅಧ್ಯಾಯ. ಬೆರೋಯ ಊರಿನವರು, ಯೇಸುವಿನ ಸುದ್ದಿ ಸಾರುತ್ತಾ ಬಂದ ಪೌಲ ಹೇಳಿದ್ದು ಹೌದೋ ಅಲ್ಲವೋ ಅಂತ ದಿನಾಲೂ ಶಾಸ್ತ್ರ ತೆಗೆದು ನೋಡುತ್ತಿದ್ದರು. ಅವರನ್ನು ಅಲ್ಲಿ ಹೊಗಳಿದೆ, ಬೈದಿಲ್ಲ.

ಹಿರಿಯರಲ್ಲಿ ನನ್ನ ಬೇಡಿಕೆ ದೊಡ್ಡದಲ್ಲ. ವಾರಕ್ಕೆ ಒಂದು ಸಂಜೆ, ಒಂದು ತಾಸು ದೊಡ್ಡವರಿಗೆ ಕೊಡಿ. ಅವತ್ತು ಕಾಣಿಕೆ ತಟ್ಟೆ ಬೇಡ. ಒಂದೇ ವಚನ ಬೇಡ, ಇಡೀ ಅಧ್ಯಾಯ ಓದಿ. ಓದಲು ಬಾರದವರು ಕೇಳಿಸಿಕೊಳ್ಳಲಿ, ಅವರ ಪ್ರಶ್ನೆಯೇ ಮೊದಲು ಬರಲಿ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನಿ. ನಮ್ಮ ಸಭಾಪಾಲಕರು ಎರಡು ಸಲ ಹಾಗೆ ಅಂದಿದ್ದಾರೆ, ಮುಂದಿನ ವಾರ ಓದಿಕೊಂಡು ಬಂದಿದ್ದಾರೆ. ಅವರ ಮೇಲಿನ ಗೌರವ ನಮಗೆ ಹೆಚ್ಚಾಗಿದೆ.

ಕ್ಯಾಲೆಂಡರ್ ಅಚ್ಚು ಹಾಕಿಸುವವರಿಗೂ ಒಂದು ಮಾತು. ವಚನದ ಕೆಳಗೆ ಸಣ್ಣ ಅಕ್ಷರದಲ್ಲಿ "ಇಡೀ ಅಧ್ಯಾಯ ಓದಿರಿ" ಅಂತ ಒಂದು ಸಾಲು ಸೇರಿಸಿ. ಜಾಗ ಇರುತ್ತದೆ. ನಾನು ಜೋಡಿಸಿ ನೋಡಿದವನು.

ತಮ್ಮನಿಗೆ ಯೋಹಾನ 9 ಓದಿ ಹೇಳಿದೆ. ಫೆಬ್ರವರಿಯಲ್ಲಿ ಎರಡು ಬುಧವಾರ ಬಂದ. ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತ, ಹಾಡಲಿಲ್ಲ. ಮೂರನೇ ವಾರ ಬರಲಿಲ್ಲ. ಆ ಕುರ್ಚಿಯನ್ನು ಖಾಲಿ ಇಟ್ಟಿದ್ದೇವೆ.

ಹೇಗೆ ನಡೆಯುತ್ತದೆ ಅಂತ ನೋಡಬೇಕು ಅನ್ನುವ ಸಭೆಯವರು ಯಾರೇ ಇರಲಿ, ಬೆಟಗೇರಿಗೆ ಬನ್ನಿ. ಈಗ ಲೂಕನ ಸುವಾರ್ತೆ ಶುರುವಾಗಿದೆ. ಬೈಬಲ್ ಮರೆತರೂ ಚಿಂತೆ ಇಲ್ಲ, ದೊಡ್ಡ ಅಕ್ಷರದ ಆರು ಪ್ರತಿ ಅಲ್ಲೇ ಇಟ್ಟಿದ್ದೇವೆ.

ಇತಿ,
ಒಬ್ಬ ನಿವೃತ್ತ ಕಂಪೋಸಿಟರ್
ಬೆಟಗೇರಿ, ಗದಗ