ಡಾಲ್ಫಿನ್ ಬೆನ್ನಟ್ಟಬೇಡಿ, ಎಂಜಿನ್ ತಗ್ಗಿಸಿ ಕಾಯಿರಿ

ಮಾನ್ಯ ಸಂಪಾದಕರೇ,

ದಸರಾ ಮುಗಿದು ಕ್ರಿಸ್‌ಮಸ್ ರಜೆ ಬರುವ ಹೊತ್ತಿಗೆ ಮೈಸೂರು, ಮಂಡ್ಯ ಕಡೆಯಿಂದ ಕರಾವಳಿಗೆ ಹೊರಡುವ ಕುಟುಂಬಗಳೂ ಕಾಲೇಜು ತಂಡಗಳೂ ಬಹಳ. ಮಳೆಗಾಲ ಕಳೆದು ಕಡಲು ಶಾಂತವಾಗಿರುತ್ತದೆ. ಕಾರವಾರ, ಗೋಕರ್ಣ, ಮಲ್ಪೆಗಳಲ್ಲಿ ದೋಣಿ ವಿಹಾರ ಜೋರಾಗಿ ನಡೆಯುತ್ತದೆ. ಕ್ಯಾಮೆರಾ ಹಿಡಿದು ಹೋದವರಲ್ಲಿ ಹೆಚ್ಚಿನವರು ಡಾಲ್ಫಿನ್ನಿನದೊಂದು ಒಳ್ಳೆಯ ಚಿತ್ರವೂ ಇಲ್ಲದೆ ಹಿಂತಿರುಗುತ್ತಾರೆ. ಅದಕ್ಕಿಂತ ದುಃಖದ ಸಂಗತಿ, ಆ ಒಂದು ಚಿತ್ರಕ್ಕಾಗಿ ಡಾಲ್ಫಿನ್ ಗುಂಪನ್ನು ನಾಲ್ಕೈದು ದೋಣಿಗಳು ಸುತ್ತುವರಿದು ಅಟ್ಟಾಡಿಸಿರುತ್ತವೆ. ಚಿತ್ರ ಸಿಗದಿರುವುದಕ್ಕೂ ಪ್ರಾಣಿಗೆ ತೊಂದರೆಯಾಗುವುದಕ್ಕೂ ಕಾರಣ ಒಂದೇ, ಅವಸರ. ಹೊರಡುವ ಮುನ್ನ ನಮ್ಮ ಊರಿನವರು ತಿಳಿದಿರಲಿ ಎಂದು ಈ ಪತ್ರ.

ನಮ್ಮವರಿಗೆ ನೀರಿನ ಮೇಲೆ ಸುಮ್ಮನೆ ಕೂರುವುದು ಗೊತ್ತಿಲ್ಲವೆಂದಲ್ಲ. ರಂಗನತಿಟ್ಟಿನಲ್ಲಿ ಅರಣ್ಯ ಇಲಾಖೆಯವರು ಹುಟ್ಟು ಹಾಕುತ್ತಾ ದೋಣಿ ನಡೆಸುತ್ತಾರೆ. ಬಂಡೆಯ ಮೇಲೆ ಮೊಸಳೆ ಬಾಯ್ದೆರೆದು ಮಲಗಿದ್ದರೆ ದೋಣಿ ತಾನಾಗಿ ನಿಧಾನವಾಗುತ್ತದೆ. ನೀರುನಾಯಿಗಳು ತಲೆಯೆತ್ತಿದರೆ ಮಕ್ಕಳೂ ದನಿ ತಗ್ಗಿಸುತ್ತಾರೆ. ಅದೇ ಜನ ಅರಬ್ಬಿ ಸಮುದ್ರದಲ್ಲಿ ಬೆನ್ನಿನ ಈಜುರೆಕ್ಕೆಯೊಂದು ಕಂಡೊಡನೆ ಎದ್ದು ನಿಂತು 'ಹೋಗಿ, ಹೋಗಿ, ಹತ್ತಿರ ಹೋಗಿ' ಎಂದು ದೋಣಿ ನಡೆಸುವ ತಾಂಡೇಲರನ್ನು ಅವಸರಪಡಿಸುತ್ತಾರೆ. ಕಾವೇರಿಯಲ್ಲಿ ಕಲಿತ ಶಿಸ್ತು ಕಡಲಿಗೂ ಬೇಕು.

ಮೊದಲು, ಅಲ್ಲಿ ಕಾಣುವುದು ಯಾವ ಪ್ರಾಣಿ ಎಂಬುದು. ದಡದ ಹತ್ತಿರ, ಕಾಳಿ, ಶರಾವತಿಯಂಥ ನದಿಗಳು ಕಡಲು ಸೇರುವಲ್ಲಿ ಸಾಮಾನ್ಯವಾಗಿ ಕಾಣುವುದು ಹಂಪ್‌ಬ್ಯಾಕ್ ಡಾಲ್ಫಿನ್. ಉದ್ದ ಮೂತಿ, ಕಡು ಬೂದು ಮೈ, ಬೆನ್ನ ನಡುವೆ ಉದ್ದಕ್ಕೆ ಎದ್ದ ಗೂನು, ಅದರ ಮೇಲೊಂದು ಚಿಕ್ಕ ಈಜುರೆಕ್ಕೆ. ಉಸಿರಿಗೆ ಬರುವಾಗ ಮೂತಿಯೇ ಮೊದಲು ಮೇಲೆ ಬರುತ್ತದೆ. ಹೆಚ್ಚಾಗಿ 25-30 ಮೀಟರಿಗಿಂತ ಕಡಿಮೆ ಆಳದ ನೀರಿನಲ್ಲೇ ಇದರ ಬದುಕು. ಮೀನುಬಲೆ, ಬಂದರು, ದೋಣಿ ಎಲ್ಲವೂ ಇರುವುದು ಅಲ್ಲೇ. ಅಂತರರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ಇದು ಅಳಿವಿನಂಚಿನ ಪ್ರಾಣಿ. ಬೆನ್ನಿನಲ್ಲಿ ರೆಕ್ಕೆಯೇ ಇಲ್ಲದ, ಸುಮಾರು ಒಂದೂವರೆ ಮೀಟರಿನ ಬೂದು ಪ್ರಾಣಿ ಒಮ್ಮೆ ಹೊರಳಿ ಮಾಯವಾದರೆ ಅದು ಫಿನ್‌ಲೆಸ್ ಪಾರ್ಪಾಯ್ಸ್. ತುಂಬಾ ನಾಚಿಕೆಯ ಜೀವಿ. ಅದರ ಹಿಂದೆ ಹೋದರೆ ಚಿತ್ರ ಸಿಗುವುದೇ ಇಲ್ಲ. ಅಂದಹಾಗೆ ಎಷ್ಟೋ ಚಿತ್ರಗಳ ಅಡಿಬರಹದಲ್ಲಿ 'ಡಾಲ್ಫಿನ್ ಮೀನು' ಎಂದೇ ಇರುತ್ತದೆ. ಶ್ವಾಸಕೋಶದಿಂದ ಉಸಿರಾಡಿ, ಮರಿಗೆ ಹಾಲೂಡಿಸುವ ಸಸ್ತನಿ ಅದು. ತಮ್ಮ ಪತ್ರಿಕೆಯಾದರೂ ಆ ತಪ್ಪು ಮಾಡದಿರಲಿ.

ಅದು ಉಸಿರಿಗಾಗಿ ಮೇಲೆ ಬರಲೇಬೇಕು ಎಂಬುದರಲ್ಲೇ ಛಾಯಾಗ್ರಾಹಕನಿಗೆ ಬೇಕಾದುದೆಲ್ಲ ಇದೆ. ಸ್ವಲ್ಪ ಸ್ವಲ್ಪ ಹೊತ್ತಿಗೆ ಕೆಲವು ಬಾರಿ ಉಸಿರೆಳೆದು, ಬೆನ್ನನ್ನು ಎತ್ತರಕ್ಕೆ ಬಾಗಿಸಿ, ಬಾಲ ಎತ್ತಿ ಆಳಕ್ಕಿಳಿಯುತ್ತದೆ. ಬಾಲ ಕಂಡಿತೆಂದರೆ ಇನ್ನೊಂದು ನಿಮಿಷವೋ ಅದಕ್ಕೂ ಹೆಚ್ಚೋ ಅದು ಕಾಣದು ಎಂದರ್ಥ. ಆ ಹೊತ್ತಿನಲ್ಲಿ ಕಂಡ ಜಾಗಕ್ಕೆ ದೋಣಿ ಓಡಿಸಿದರೆ ತಲುಪುವುದು ಖಾಲಿ ನೀರಿಗೆ. ಬದಲು ಗಡಿಯಾರ ನೋಡಿ. ಎರಡು ಮೂರು ಮುಳುಗಿನ ಅವಧಿ ಅಳೆದರೆ ಆ ಗುಂಪಿನ ಲಯ ತಿಳಿಯುತ್ತದೆ, ಸಾಗುವ ದಿಕ್ಕೂ ತಿಳಿಯುತ್ತದೆ. ನಾಲ್ಕನೆಯ ಬಾರಿ ಅದು ಏಳುವ ಕಡೆಗೆ ನಿಮ್ಮ ಲೆನ್ಸ್ ಮೊದಲೇ ತಿರುಗಿರುತ್ತದೆ. ದೋಣಿಯ ಮುಂಭಾಗವನ್ನು 12 ಗಂಟೆ ಎಂದಿಟ್ಟುಕೊಂಡು, ಕಂಡವರು '3 ಗಂಟೆ', '10 ಗಂಟೆ' ಎಂದು ಮೆಲ್ಲಗೆ ಹೇಳಿದರೆ ಸಾಕು. 'ಅಗೋ ಅಲ್ಲಿ' ಎಂದು ಕೂಗಿದರೆ ಯಾರಿಗೂ ಯಾವ ಕಡೆ ಎಂದು ಗೊತ್ತಾಗುವುದಿಲ್ಲ.

ಎಷ್ಟು ದೂರ ನಿಲ್ಲಬೇಕು? ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಮೊದಲ ಪರಿಚ್ಛೇದದಲ್ಲಿ ಡಾಲ್ಫಿನ್‌ಗಳಿವೆ. ಬೇಟೆಗೆ 3ರಿಂದ 7 ವರ್ಷ ಜೈಲಿದೆ. ಆದರೆ ಪ್ರವಾಸಿ ದೋಣಿ ಎಷ್ಟು ದೂರದಲ್ಲಿರಬೇಕೆಂಬ ಅಳತೆ ಆ ಕಾಯ್ದೆಯಲ್ಲಿಲ್ಲ. ಆಸ್ಟ್ರೇಲಿಯಾದ 2017ರ ರಾಷ್ಟ್ರೀಯ ಮಾರ್ಗಸೂಚಿ ಸ್ಪಷ್ಟವಾಗಿದೆ: ಡಾಲ್ಫಿನ್‌ಗೆ 50 ಮೀಟರಿಗಿಂತ, ತಿಮಿಂಗಿಲಕ್ಕೆ 100 ಮೀಟರಿಗಿಂತ ಹತ್ತಿರ ಹೋಗುವಂತಿಲ್ಲ. ಡಾಲ್ಫಿನ್ 150 ಮೀಟರಿನೊಳಗಿದ್ದರೆ ವೇಗ 6 ನಾಟ್, ಅಂದರೆ ಗಂಟೆಗೆ ಸುಮಾರು 11 ಕಿ.ಮೀ. ಮೀರಬಾರದು. ಆ ವಲಯದಲ್ಲಿ ಒಮ್ಮೆಗೆ ಮೂರಕ್ಕಿಂತ ಹೆಚ್ಚು ದೋಣಿ ಇರಬಾರದು. ನಮ್ಮಲ್ಲೂ ಇದನ್ನೇ ಪಾಲಿಸಲು ಅಡ್ಡಿಯೇನಿಲ್ಲ. 50 ಮೀಟರ್ ಎಂದರೆ ಕ್ರಿಕೆಟ್ ಪಿಚ್ಚಿನ ಎರಡೂವರೆ ಪಟ್ಟು. ಮೈದಾನ ನೋಡಿದ ಯಾರಿಗಾದರೂ ಕಣ್ಣಳತೆಗೆ ಸಿಗುತ್ತದೆ.

'ಅಷ್ಟು ದೂರದಿಂದ ಏನು ಫೋಟೊ ಬರುತ್ತದೆ' ಎನ್ನುವವರು ಲೆಕ್ಕ ಹಾಕಿ ನೋಡಲಿ. 2.5 ಮೀಟರ್ ಉದ್ದದ ಡಾಲ್ಫಿನ್ 50 ಮೀಟರಿನಲ್ಲಿ ಪೂರ್ತಿ ಹಾರಿದರೆ 400 ಎಂಎಂ ಲೆನ್ಸಿನಲ್ಲಿ ಸೆನ್ಸರಿನ (ಕ್ಯಾಮೆರಾದೊಳಗೆ ಚಿತ್ರ ಮೂಡುವ ಫಲಕ) ಮೇಲೆ 20 ಎಂಎಂ ಉದ್ದಕ್ಕೆ ಮೂಡುತ್ತದೆ. ಫುಲ್ ಫ್ರೇಮ್ ಸೆನ್ಸರಿನ ಅಗಲ 36 ಎಂಎಂ. ಅಂದರೆ ಅರ್ಧಕ್ಕಿಂತ ಹೆಚ್ಚು ಚೌಕಟ್ಟು ತುಂಬಿತು. ಅದಕ್ಕಿಂತ ಚಿಕ್ಕದಾದ ಎಪಿಎಸ್-ಸಿ ಸೆನ್ಸರಿನ ಕ್ಯಾಮೆರಾದಲ್ಲಿ 200 ಎಂಎಂ ಇದ್ದರೂ ಶೇ 40ರಷ್ಟು ಅಗಲ ತುಂಬುತ್ತದೆ. ಮೊಬೈಲಿನ ಮಾಮೂಲಿ ಲೆನ್ಸಿನಲ್ಲಿ ಮಾತ್ರ ಅದೇ ಪ್ರಾಣಿ ಚೌಕಟ್ಟಿನ ಇಪ್ಪತ್ತೆಂಟರಲ್ಲಿ ಒಂದು ಪಾಲು. 'ಇನ್ನೂ ಹತ್ತಿರ' ಎಂಬ ಒತ್ತಾಯ ಹುಟ್ಟುವುದು ಇಲ್ಲಿಂದಲೇ. ಮೊಬೈಲಿನವರು ದೋಣಿಯನ್ನು ಹತ್ತಿರ ಒಯ್ಯುವ ಬದಲು ಸೆಕೆಂಡಿಗೆ 60 ಫ್ರೇಮ್ ವಿಡಿಯೊ ಹಾಕಿ ಗುಡ್ಡ, ತೆಂಗಿನ ಸಾಲು, ಕಡಲು ಎಲ್ಲ ಸೇರಿದ ದೃಶ್ಯ ತೆಗೆಯಲಿ. ನೋಡುವ ಸುಖಕ್ಕೆ ಏಳೆಂಟು ಪಟ್ಟು ದೊಡ್ಡದಾಗಿ ತೋರಿಸುವ 7x50 ಅಥವಾ 8x40 ಬೈನಾಕ್ಯುಲರ್ ಒಯ್ಯಲಿ. ಅದಕ್ಕಿಂತ ಹೆಚ್ಚು ಶಕ್ತಿಯದಾದರೆ ದೋಣಿಯ ಕುಲುಕಾಟಕ್ಕೆ ಏನೂ ನಿಲ್ಲುವುದಿಲ್ಲ.

ದೋಣಿ ನಡೆಸುವ ಬಗೆ ಮುಖ್ಯ. ಎದುರಿನಿಂದ ಹೋದರೆ ದಾರಿ ಅಡ್ಡಗಟ್ಟಿದಂತೆ, ನೇರ ಹಿಂದಿನಿಂದ ಹೋದರೆ ಬೇಟೆಗೆ ಅಟ್ಟಿದಂತೆ. ಪಕ್ಕದಿಂದ, ಅವು ಸಾಗುವ ದಿಕ್ಕಿಗೆ ಸಮಾನಾಂತರವಾಗಿ, ಅವುಗಳಿಗಿಂತ ವೇಗ ಹೆಚ್ಚಿಸದೆ ಹೋಗಬೇಕು. 50 ಮೀಟರ್ ದೂರಕ್ಕೆ ಬಂದಾಗ ನ್ಯೂಟ್ರಲ್‌ಗೆ ಹಾಕಿದರೆ ಪ್ರೊಪೆಲ್ಲರ್ ನಿಲ್ಲುತ್ತದೆ. ಮತ್ತೆ ಮತ್ತೆ ಗೇರ್ ಹಾಕಿ ತೆಗೆಯುವುದು, ರಿವರ್ಸ್ ಹೊಡೆಯುವುದು ಬೇಡ. ರಿವರ್ಸಿನಲ್ಲಿ ನೊರೆಯೂ ಸದ್ದೂ ಬಹಳ. ಡಾಲ್ಫಿನ್ ಸದ್ದು ಹೊರಡಿಸಿ, ಅದರ ಮರುದನಿ ಕೇಳಿಯೇ ಮೀನು ಹುಡುಕುವುದು. ಎಂಜಿನ್ನಿನ ಗದ್ದಲದಲ್ಲಿ ಅದಕ್ಕೆ ಕಿವಿ ಮುಚ್ಚಿದಂತೆ. ಅವಾಗಿಯೇ ದೋಣಿಯ ಬಳಿ ಬಂದರೆ ದಿಕ್ಕು, ವೇಗ ಬದಲಿಸದೆ ಇರಬೇಕು. ಬಲೆಯ ತೇಲುಬೆಂಡುಗಳು ಕಂಡರೆ ಬಲೆಗೂ ಡಾಲ್ಫಿನ್ನಿಗೂ ನಡುವೆ ನುಗ್ಗಲೇಬಾರದು. ಬೆದರಿದ ಪ್ರಾಣಿ ಬಲೆಗೆ ಸಿಕ್ಕಿ ಉಸಿರುಗಟ್ಟಿ ಸಾಯಬಹುದು, ದೋಣಿಯ ಪ್ರೊಪೆಲ್ಲರಿಗೂ ಬಲೆ ಸುತ್ತಿಕೊಳ್ಳುತ್ತದೆ.

ಯಾವಾಗ ಬಿಟ್ಟು ಬರಬೇಕೆಂಬುದನ್ನು ಪ್ರಾಣಿಯೇ ಹೇಳುತ್ತದೆ. ಮುಳುಗಿರುವ ಹೊತ್ತು ಇದ್ದಕ್ಕಿದ್ದಂತೆ ಹೆಚ್ಚಿತೆ? ಮತ್ತೆ ಮತ್ತೆ ದಿಕ್ಕು ಬದಲಿಸುತ್ತಿವೆಯೆ? ಚದುರಿದ್ದವು ಒತ್ತಾಗಿ ಕೂಡಿದವೆ? ಬಾಲದಿಂದ ನೀರಿಗೆ ಪಟ್ಟನೆ ಹೊಡೆದವೆ? ತಾಯಿ ಮರಿಗೂ ದೋಣಿಗೂ ನಡುವೆ ಬಂದು ನಿಂತಿತೆ? ಇವುಗಳಲ್ಲಿ ಒಂದು ಕಂಡರೂ ಹೊರಡಬೇಕು. ಒತ್ತಾಗಿ, ನಿಧಾನವಾಗಿ ಒಟ್ಟಿಗೆ ಎದ್ದು ಮುಳುಗುತ್ತಿರುವ ಗುಂಪು ವಿಶ್ರಾಂತಿಯಲ್ಲಿರಬಹುದು. ಡಾಲ್ಫಿನ್ ಮಿದುಳಿನ ಒಂದೊಂದೇ ಅರ್ಧವನ್ನು ಸರದಿಯಲ್ಲಿ ಮಲಗಿಸಿ ನಿದ್ದೆ ಮಾಡುವ ಪ್ರಾಣಿ. ಬೆಳಗಿನಿಂದ ಸಂಜೆಯವರೆಗೆ ಒಂದಾದ ಮೇಲೊಂದು ದೋಣಿ ಬಂದರೆ ಅದಕ್ಕೆ ನಿದ್ದೆಯೂ ಇಲ್ಲ, ಮರಿಗೆ ಹಾಲೂ ಇಲ್ಲ. ಏನೂ ತೊಂದರೆ ಕಾಣದಿದ್ದರೂ ಒಂದು ಗುಂಪಿನ ಬಳಿ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ನಿಲ್ಲುವುದು ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ. ಮರಿಯಿದ್ದರೆ ಹತ್ತೇ ಸಾಕು.

ಸಮಯದ ವಿಷಯದಲ್ಲಿ ನಮ್ಮ ಪಡುಗಡಲು ಛಾಯಾಗ್ರಾಹಕರಿಗೆ ಉದಾರಿ. ಬೆಳಿಗ್ಗೆ ಸೂರ್ಯ ಗುಡ್ಡದ ಕಡೆಯಿಂದ ಏಳುವುದರಿಂದ ದಡದ ಕಡೆ ದೋಣಿ, ಕಡಲ ಕಡೆ ಡಾಲ್ಫಿನ್ ಇದ್ದರೆ ಬೆಳಕು ನಿಮ್ಮ ಬೆನ್ನಿಗೆ. ಬೂದು ಮೈಯ ಗೀರು, ಕಲೆಗಳೆಲ್ಲ ಕಾಣುತ್ತವೆ. ಗಾಳಿಯೂ ಕಡಿಮೆ. ಮಧ್ಯಾಹ್ನದ ಹೊತ್ತಿಗೆ ಕಡಲಗಾಳಿ ಬೀಸಿ ಅಲೆಯ ತುದಿಯೆಲ್ಲ ಬೆಳ್ಳಗಾದರೆ ಈಜುರೆಕ್ಕೆ ಯಾವುದು ಅಲೆ ಯಾವುದು ತಿಳಿಯದು. ಸಂಜೆ ಸೂರ್ಯ ಎದುರಿಗೇ ಇರುವುದರಿಂದ ಕಪ್ಪು ನೆರಳು ಮಾತ್ರ ಸಿಗುತ್ತದೆ. ಆರೂವರೆ, ಏಳಕ್ಕೆ ಹೊರಡುವ ದೋಣಿಯನ್ನೇ ಹಿಡಿಯಿರಿ.

ಕ್ಯಾಮೆರಾದಲ್ಲಿ ಶಟರ್ ವೇಗ 1/1600 ಸೆಕೆಂಡ್, ಅಪರ್ಚರ್ ಎಫ್/5.6ರಿಂದ 8, ಐಎಸ್‌ಒ ಆಟೊ ಇಟ್ಟರೆ ಹೆಚ್ಚಿನ ಸಂದರ್ಭ ಸರಿಹೋಗುತ್ತದೆ. 1/500ಕ್ಕಿಂತ ಕೆಳಗಿಳಿದರೆ ಹನಿಗಳು ಗೆರೆಗಳಾಗುತ್ತವೆ, ದೋಣಿಯ ಕುಲುಕಾಟವೂ ಚಿತ್ರದಲ್ಲಿ ಮೂಡುತ್ತದೆ. ಫೋಕಸ್ ಕಂಟಿನ್ಯುಯಸ್ ಇರಲಿ, ಒಂದೇ ಬಿಂದುವಿನ ಬದಲು ನಡುವಿನ ಗುಂಪು ಬಿಂದುಗಳಿರಲಿ. ಪ್ರಾಣಿಯ ಕಣ್ಣು ಹುಡುಕುವ ಫೋಕಸ್ ಇಲ್ಲಿ ನಂಬಿಕೆಗೆ ಯೋಗ್ಯವಲ್ಲ, ಅದು ನೊರೆಗೆ ಅಂಟಿಕೊಳ್ಳುತ್ತದೆ. 100-400ರ ಜೂಮ್ ಇದ್ದರೆ 150-200ರಲ್ಲಿ ಹುಡುಕಿ, ಪ್ರಾಣಿ ಸಿಕ್ಕ ಮೇಲೆ ಎಳೆಯಿರಿ. ಮೊದಲೇ 400ರಲ್ಲಿ ಹುಡುಕಿದರೆ ಸಿಗುವುದು ನೀರು ಮಾತ್ರ. ಗುಂಡಿ ಒತ್ತಿಯೇ ಹಿಡಿದರೆ ಬಫರ್ (ಕ್ಯಾಮೆರಾದ ತಾತ್ಕಾಲಿಕ ಸ್ಮೃತಿ) ತುಂಬಿ, ನಿಜವಾದ ನೆಗೆತ ಬಂದಾಗ ಕ್ಯಾಮೆರಾ ಸ್ತಬ್ಧವಾಗುತ್ತದೆ. ಐದಾರು ಚಿತ್ರಗಳ ಚಿಕ್ಕ ಕಂತು ಸಾಕು. ಮೊಣಕೈಯನ್ನು ದೋಣಿಯ ಅಂಚಿಗೆ ಊರಬೇಡಿ, ಎಂಜಿನ್ನಿನ ನಡುಕ ನೇರ ಲೆನ್ಸಿಗೆ ಬರುತ್ತದೆ. ಕೈಯನ್ನು ಎದೆಗೆ ಒತ್ತಿ, ಕೂತೇ ತೆಗೆಯಿರಿ. ಎಸಿ ಕೋಣೆಯಿಂದ ನೇರ ಹೊರಗೆ ತಂದ ಲೆನ್ಸಿನ ಮೇಲೆ ಮಂಜು ಕೂರುತ್ತದೆ. ಅರ್ಧ ಗಂಟೆ ಮೊದಲೇ ಚೀಲವನ್ನು ಹೊರಗಿಡಿ. ಉಪ್ಪುನೀರು ಸಿಡಿದರೆ ಅಂಗಿಯ ತುದಿಯಿಂದ ಒರೆಸಬಾರದು, ಒಣಗಿದ ಉಪ್ಪಿನ ಹರಳು ಗಾಜನ್ನು ಗೀರುತ್ತದೆ. ಸಿಹಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒತ್ತಿ ತೆಗೆದು, ಆಮೇಲೆ ಒಣಬಟ್ಟೆ. ಕಡಲ ಮೇಲೆ ಲೆನ್ಸ್ ಬದಲಿಸುವ ಯೋಚನೆಯೇ ಬೇಡ.

ಡ್ರೋನ್ ಒಯ್ಯಬೇಡಿ. ಕಾರವಾರದ ಬಳಿ ನೌಕಾನೆಲೆಯಿದೆ, ಅನುಮತಿಯಿಲ್ಲದೆ ಹಾರಿಸಿದರೆ ಕಾನೂನಿನ ತೊಡಕಿಗೆ ಸಿಕ್ಕಿಕೊಳ್ಳುತ್ತೀರಿ. ಕೆಳಮಟ್ಟದಲ್ಲಿ ಹಾರುವ ಡ್ರೋನಿನ ಸದ್ದು, ನೆರಳಿಗೆ ಪ್ರಾಣಿಗಳೂ ಬೆದರುತ್ತವೆ.

ಚಿತ್ರಗಳು ಫೋನಿನಲ್ಲೇ ಕೊಳೆಯದಿರಲಿ. ಡಾಲ್ಫಿನ್ನಿನ ಬೆನ್ನಿನ ಈಜುರೆಕ್ಕೆಯ ಹಿಂಬದಿಯ ಅಂಚಿನಲ್ಲಿ ಸೀಳು, ಕಚ್ಚುಗಳಿರುತ್ತವೆ. ಒಂದರಂತೆ ಇನ್ನೊಂದಿರುವುದಿಲ್ಲ. ಸಂಶೋಧಕರು ಅವುಗಳಿಂದಲೇ ಒಂದೊಂದು ಪ್ರಾಣಿಯನ್ನೂ ವರ್ಷಗಟ್ಟಲೆ ಗುರುತು ಹಿಡಿಯುತ್ತಾರೆ. ಅವರಿಗೆ ನೆಗೆತದ ಚಿತ್ರಕ್ಕಿಂತ ಅಡ್ಡಬದಿಯಿಂದ ನೇರವಾಗಿ ತೆಗೆದ ರೆಕ್ಕೆಯ ಸ್ಪಷ್ಟ ಚಿತ್ರ ಹೆಚ್ಚು ಬೆಲೆಯದು, ಎಡ ಬಲ ಎರಡೂ ಇದ್ದರೆ ಇನ್ನೂ ಒಳ್ಳೆಯದು. ಕ್ಯಾಮೆರಾದ ದಿನಾಂಕ, ಗಂಟೆ ಸರಿಯಿರಲಿ. ಜಾಗ, ಎಷ್ಟು ಪ್ರಾಣಿ, ಎಷ್ಟು ಮರಿ, ಸುತ್ತ ಎಷ್ಟು ದೋಣಿ ಎಂದು ಬರೆದಿಡಿ. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರಗಳು ಮಂಗಳೂರು, ಕಾರವಾರಗಳಲ್ಲಿವೆ. ಕಡಲ ಸಸ್ತನಿಗಳು ಕಂಡ ವಿವರ ಸಂಗ್ರಹಿಸುವ ಸಂಶೋಧಕರ ಜಾಲವೂ ದೇಶದಲ್ಲಿದೆ. ಕಳಿಸುವಾಗ ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಎಂದು ಕಳಿಸಿದರೆ ಗಾತ್ರ ಕುಗ್ಗಿ ಕಚ್ಚುಗಳು ಅಳಿಸಿಹೋಗುತ್ತವೆ. ಡಾಕ್ಯುಮೆಂಟ್ ಎಂದೇ ಕಳಿಸಿ.

ದಡಕ್ಕೆ ಬಿದ್ದ ಜೀವಂತ ಡಾಲ್ಫಿನ್ ಕಂಡರೆ ಮಾತ್ರ ಕ್ಯಾಮೆರಾ ಕೆಳಗಿಟ್ಟು ಅರಣ್ಯ ಇಲಾಖೆಗೆ ಕರೆ ಮಾಡಿ. ಬಾಲ, ರೆಕ್ಕೆ ಹಿಡಿದು ಎಳೆಯಬಾರದು. ಒದ್ದೆ ಬಟ್ಟೆ ಹೊದಿಸಿ ನೆರಳು ಮಾಡಿ. ತಲೆಯ ಮೇಲಿನ ಉಸಿರುರಂಧ್ರಕ್ಕೆ ನೀರು, ಮರಳು ಹೋಗದಂತೆ ನೋಡಿಕೊಳ್ಳಿ. ಸೆಲ್ಫಿಯ ಗುಂಪನ್ನು ದೂರ ಕಳಿಸಿ.

ತಾಂಡೇಲರನ್ನು ದೂರಿ ಫಲವಿಲ್ಲ. 'ಡಾಲ್ಫಿನ್ ಕಾಣದಿದ್ದರೆ ದುಡ್ಡು ವಾಪಸ್' ಎಂಬ ಕರಾರಿನ ಮೇಲೆ ದೋಣಿ ಹತ್ತುವವರು ನಾವೇ ಆದರೆ, ಪಾಪ, ಅವರು ಬೆನ್ನಟ್ಟದೆ ಇನ್ನೇನು ಮಾಡಿಯಾರು? ಹತ್ತುವ ಮೊದಲೇ 'ಕಂಡರೂ ಕಾಣದಿದ್ದರೂ ಪೂರ್ತಿ ಬಾಡಿಗೆ ಕೊಡುತ್ತೇವೆ, ಹಿಂದೆ ಓಡಿಸಬೇಡಿ' ಎಂದು ಹೇಳಿಬಿಡಿ. ಕಡಲನ್ನು ಅವರಷ್ಟು ಬಲ್ಲವರಿಲ್ಲ, ಎಲ್ಲಿ ನಿಂತು ಕಾಯಬೇಕೆಂಬುದನ್ನು ಅವರೇ ತೋರಿಸುತ್ತಾರೆ.

ಪ್ರವಾಸೋದ್ಯಮ ಮತ್ತು ಅರಣ್ಯ ಇಲಾಖೆಗಳಲ್ಲಿ ನಮ್ಮ ಕೋರಿಕೆ ಇಷ್ಟೇ. ಡಾಲ್ಫಿನ್ ವಿಹಾರದ ದೋಣಿಗಳು ಹೊರಡುವ ಪ್ರತಿ ಕಟ್ಟೆಯಲ್ಲೂ 50 ಮೀಟರ್, ಮೂರು ದೋಣಿ, ಇಪ್ಪತ್ತು ನಿಮಿಷ ಎಂದು ದೊಡ್ಡ ಕನ್ನಡ ಅಕ್ಷರಗಳಲ್ಲಿ ಫಲಕ ಹಾಕಲಿ. ಆ ಫಲಕ ಟಿಕೆಟ್ ಕಿಟಕಿಯ ಪಕ್ಕದಲ್ಲೇ ಇರಲಿ, ದೋಣಿಯೊಳಗಲ್ಲ. ಹಣ ಕೊಟ್ಟು ಕೂತ ಮೇಲೆ ಯಾರೂ ಓದುವುದಿಲ್ಲ. ತಮ್ಮಲ್ಲೂ ಒಂದು ವಿನಂತಿ. ಓದುಗರು ಕಳಿಸುವ ಡಾಲ್ಫಿನ್ ಚಿತ್ರಗಳಲ್ಲಿ ಪ್ರಾಣಿಯ ಮೈಗೆ ತಾಗುವಂತೆ ದೋಣಿ ಕಂಡರೆ, ಅದೆಷ್ಟೇ ಸೊಗಸಾಗಿದ್ದರೂ, ದಯವಿಟ್ಟು ಅಚ್ಚು ಹಾಕಬೇಡಿ.

ಇಂತಿ ತಮ್ಮ ಓದುಗರು,
ಮೈಸೂರು ಮತ್ತು ಶ್ರೀರಂಗಪಟ್ಟಣದ ಕೆಲವು ವನ್ಯಜೀವಿ ಛಾಯಾಗ್ರಾಹಕರು