ಸೆಲ್ಫ್ ಗೋಲ್ ಅಲ್ಲ, ಓನ್ ಗೋಲ್

ಪ್ರೀತಿಯ ಪುಟ್ಟೀ,

‘ಸೆಲ್ಫ್ ಗೋಲ್’ ಅಂತ ಇಂಗ್ಲಿಷಿನಲ್ಲಿ ಬರೆದರೆ ತಪ್ಪಾ ಅಂತ ಕೇಳಿದ್ದೆಯಲ್ಲ. ಆಟಗಾರ ಚೆಂಡನ್ನು ತನ್ನದೇ ತಂಡದ ಗೋಲಿಗೆ ಹಾಕಿ ಎದುರಾಳಿಗೆ ಗೋಲು ಕೊಟ್ಟುಬಿಡುವುದಕ್ಕೆ ಈ ಹೆಸರು. ನಮ್ಮ ಪತ್ರಿಕೆ, ಟಿವಿಗಳಲ್ಲಿ ದಿನಾ ಕೇಳುವ ಈ ಮಾತು ಭಾರತದ ಇಂಗ್ಲಿಷಿನದು. ಫುಟ್‌ಬಾಲ್ ಹುಟ್ಟಿದ ಇಂಗ್ಲೆಂಡಿನಲ್ಲಿ ಅದು ‘ಓನ್ ಗೋಲ್’. ಹೊರದೇಶದವರು ಓದುವ ಬರಹವಾದರೆ ಹಾಗೇ ಬರೆ.

ಡಿಫೆಂಡರ್‌ಗೆ (ಎದುರಾಳಿಯನ್ನು ತಡೆಯುವ ಆಟಗಾರನಿಗೆ) ತಾಗಿ ಒಳಹೋದದ್ದೆಲ್ಲ ಓನ್ ಗೋಲ್ ಆಗುವುದಿಲ್ಲ. ಎದುರಾಳಿ ಒದ್ದ ಚೆಂಡು ಗೋಲಿನತ್ತಲೇ ಬರುತ್ತಿದ್ದರೆ ಗೋಲು ಸಾಮಾನ್ಯವಾಗಿ ಒದ್ದವನ ಹೆಸರಿಗೇ. ಆಚೆ ಹೋಗಬೇಕಿದ್ದ ಚೆಂಡನ್ನು ಡಿಫೆಂಡರ್ ಒಳಗೆ ತಿರುಗಿಸಿದಾಗ ಅವನ ಲೆಕ್ಕಕ್ಕೆ. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ: ಥ್ರೋ-ಇನ್ (ಪಕ್ಕದ ಗೆರೆಯಿಂದ ಕೈಯಲ್ಲಿ ಎಸೆಯುವುದು) ಅಥವಾ ಫ್ರೀ ಕಿಕ್ (ಎದುರಾಳಿಯ ತಪ್ಪಿಗೆ ಸಿಗುವ ಒದೆತ) ಯಾರಿಗೂ ತಾಗದೆ ನೇರ ತಮ್ಮದೇ ಗೋಲಿಗೆ ಹೋದರೆ ಅದು ಗೋಲೇ ಅಲ್ಲ, ಎದುರಾಳಿಗೆ ಕಾರ್ನರ್ ಕಿಕ್, ಅಂದರೆ ಮೂಲೆಯಿಂದ ಒದೆಯುವ ಅವಕಾಶ, ಅಷ್ಟೆ.

ಓನ್ ಗೋಲ್ ಹೆಚ್ಚಾಗಿ ಆಗುವುದು ಮೈದಾನದ ಪಕ್ಕದಿಂದ ಗೋಲಿನ ಮುಂದಕ್ಕೆ ಒದ್ದ ಕ್ರಾಸ್‌ನಲ್ಲಿ. ಡಿಫೆಂಡರ್ ತನ್ನ ಗೋಲಿನ ಕಡೆಗೇ ಓಡುತ್ತಿರುತ್ತಾನೆ. ಚೆಂಡನ್ನು ಬಿಟ್ಟರೆ ಹಿಂದಿರುವ ಎದುರಾಳಿ ಹೊಡೆಯುತ್ತಾನೆ, ಆದ್ದರಿಂದ ಕಾಲು ಚಾಚಲೇಬೇಕು. ಪಾದದ ಕೋನ ಚೂರು ತಪ್ಪಿದರೂ ಚೆಂಡು ಒಳಗೆ. 1994ರ ವಿಶ್ವಕಪ್‌ನಲ್ಲಿ, ಜೂನ್ 22ರಂದು, ಅಮೆರಿಕ ವಿರುದ್ಧ ಕೊಲಂಬಿಯಾದ ಆಂದ್ರೆಸ್ ಎಸ್ಕೋಬಾರ್ ಹೀಗೇ ಜಾರಿ ಕ್ರಾಸ್ ತಡೆಯಲು ಹೋದರು, ಚೆಂಡು ತಮ್ಮದೇ ಗೋಲಿಗೆ ಹೋಯಿತು. ಕೊಲಂಬಿಯಾ 2-1ರಲ್ಲಿ ಸೋತಿತು. ಹತ್ತು ದಿನದ ಮೇಲೆ ಕೊಲಂಬಿಯಾದ ಮೆಡೆಲಿನ್‌ನಲ್ಲಿ ಅವರನ್ನು ಗುಂಡಿಟ್ಟು ಕೊಂದರು. 27 ವರ್ಷ ವಯಸ್ಸು. ಅವರು ಆ ಕಾಲು ಚಾಚಿದ್ದು ತಂಡವನ್ನು ಕಾಯಲಿಕ್ಕೆ. ಈ ನುಡಿಗಟ್ಟು ಬಳಸುವಾಗ ಅದು ನೆನಪಿರಲಿ.

ಯಾಕೆಂದರೆ ಅರ್ಥ ನಿಂತಿರುವುದೂ ಅಲ್ಲೇ. ಪೆನಾಲ್ಟಿ ಕಿಕ್ ತಪ್ಪಿದರೆ ಅದು ಓನ್ ಗೋಲ್ ಅಲ್ಲ, ಬರೀ ಅವಕಾಶ ಹೋಯಿತು. ಪರೀಕ್ಷೆಗೆ ಓದದೆ ಫೇಲಾದರೂ ಅಲ್ಲ. ದೂರು ಬರೆದ ಗ್ರಾಹಕನ ಬಾಯಿ ಮುಚ್ಚಿಸಲು ಅಂಗಡಿಯವನು ನೋಟಿಸ್ ಕಳಿಸಿ, ಅದರಿಂದಲೇ ದೂರು ಊರಿಗೆಲ್ಲ ಗೊತ್ತಾದರೆ, ಅದು ಓನ್ ಗೋಲ್. ತನ್ನನ್ನು ಉಳಿಸಿಕೊಳ್ಳಲು ಮಾಡಿದ ಕೆಲಸವೇ ಎದುರಿನವನಿಗೆ ಲಾಭವಾಗಬೇಕು.

ಕನ್ನಡದಲ್ಲಿ ‘ತಲೆ ಮೇಲೆ ಚಪ್ಪಡಿ ಎಳೆದುಕೊಂಡ’ ಇದಕ್ಕೆ ಹತ್ತಿರ, ಆದರೆ ಅದರಲ್ಲಿ ಎದುರಾಳಿ ಇಲ್ಲ. ‘ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ’ ಬೇಡವೇ ಬೇಡ, ಅದು ಹಣೆಬರಹದ ಮಾತು. ‘ಸೆಲ್ಫ್ ಗೋಲ್ ಹೊಡೆದುಕೊಂಡರು’ ಅಂತ ಕನ್ನಡದಲ್ಲಿ ಧಾರಾಳವಾಗಿ ಬರೆ. ಆದರೆ ‘ಹೊಡೆದರು’ ಅನ್ನಬೇಡ. ಏಟು ತಿರುಗಿ ತಮಗೇ ಬಿತ್ತು ಅನ್ನುವುದನ್ನು ಆ ‘ಕೊಂಡರು’ ಒಂದೇ ಹೇಳಿಬಿಡುತ್ತದೆ.

ನಿನ್ನ
ಅಪ್ಪ