ಹಸಿ ತೂಕ, ಒಣ ತೂಕ

ಪುಟ್ಟೀ,

ಶಿವಮೊಗ್ಗದಲ್ಲಿ ತಗೋಬೇಕು ಅಂತ ನೀನು ನೋಡಿರೋ ಎರಡು ಫ್ಲಾಟಿನ ಫೋಟೋ ಎಲ್ಲಾ ನೋಡ್ದೆ, ನಿಮ್ ಮಾವಂಗೂ ತೋರಿಸ್ದೆ. ಅಡುಗೆಮನೆ ಟೈಲ್ಸ್ ಚೆನ್ನಾಗಿದೆ ಅಂದ್ರು. ಅವ್ರ್ ಮಾತು ಬಿಡು, 2014ರಲ್ಲಿ ನಾವು ಈ ಫ್ಲಾಟ್ ತಗೊಂಡಾಗ್ಲೂ ಅವ್ರು ನೋಡಿದ್ದು ಟೈಲ್ಸೇ.

ವಿನೋಬನಗರದ್ದು 44 ಲಕ್ಷ, 1150 ಅಡಿ, ಗೋಪಾಳದ್ದು 40 ಲಕ್ಷ ಆದ್ರೂ 1020 ಅಡಿ ಅಷ್ಟೇ, ಹಂಗಾಗಿ ವಿನೋಬನಗರದ್ದೇ ಅಗ್ಗ ಅಂತ ಬ್ರೋಕರ್ ಹೇಳ್ದ ಅಂದ್ಯಲ್ಲ, ಅವ್ನ ಭಾಗಾಕಾರ ಸರಿಯಾಗೇ ಇದೆ, ಅಡಿಗೆ 3826 ಮತ್ತೆ 3921 ಬೀಳುತ್ತೆ. ಆದ್ರೆ ಅದು ಹಸಿ ತೂಕ ಕಣೇ. ನಿಮ್ ಅಪ್ಪಯ್ಯ ಅಡಿಕೆ ಫಸಲನ್ನ ಚೇಣಿಗೆ (ಗುತ್ತಿಗೆಗೆ) ಕೊಡುವಾಗ ನೀನೇ ಕಣದಲ್ಲಿ ಕೂತು ನೋಡಿದೀಯ, ಕ್ವಿಂಟಾಲ್ ಹಸಿ ಅಡಿಕೆ ಸುಲಿದು ಬೇಯ್ಸಿ ಒಣಗ್ಸಿದ್ರೆ ಕೈಗೆ ಸಿಗೋದು ಹನ್ನೆರಡೋ ಹದಿಮೂರೋ ಕೆಜಿ, ಮಿಕ್ಕಿದ್ದು ಸಿಪ್ಪೆ, ನೀರು. ಬ್ರೋಕರ್ ಹೇಳೋ 1150, 1020 ಅನ್ನೋ ಸೂಪರ್ ಬಿಲ್ಟಪ್ ಅಳತೇನೂ ಹಂಗೇ. ಮೆಟ್ಟಿಲು, ಲಿಫ್ಟು, ಕಾರಿಡಾರು, ವಾಚ್‌ಮನ್ ಕೂರೋ ಜಾಗ ಎಲ್ಲಾದ್ರಲ್ಲೂ ನಿನ್ ಪಾಲಿಗೆ ಇಷ್ಟು ಅಂತ ಸೇರ್ಸಿ ಹೇಳೋ ಅಂಕಿ ಅದು, ಎಷ್ಟು ಸೇರಿಸ್ತಾರೆ ಅನ್ನೋದು ಬಿಲ್ಡಿಂಗಿಂದ ಬಿಲ್ಡಿಂಗಿಗೆ ಬೇರೆ. ಮನೆ ಕಟ್ಟಿ ಮಾರೋರಿಗೆ ಅಂತ ಇರೋ 2016ರ ರೇರಾ ಕಾಯ್ದೇಲಿ ಕಾರ್ಪೆಟ್ ಏರಿಯಾ ಅಂದ್ರೆ ಏನು ಅಂತ ಬರ್ದೇ ಇದೆ, ಹೊರಗೋಡೆ, ಬಾಲ್ಕನಿ, ಪೈಪು ಹೋಗೋ ಶಾಫ್ಟ್ ಬಿಟ್ಟು ಒಳಗೆ ನಾವು ಓಡಾಡೋ ಜಾಗ, ಒಳಗಿನ ಅಡ್ಡಗೋಡೆ ಮಾತ್ರ ಸೇರುತ್ತೆ.

ಹೋದ್ವಾರ ಟೇಪ್ ಹಿಡಿದು ಅಳೆದು ಬಾ ಅಂದಿದ್ದು ಅದಕ್ಕೇ. ನೀನ್ ಕಳ್ಸಿದ್ ಅಳತೆ ಕೂಡಿದ್ರೆ ಕಾರ್ಪೆಟ್ ಏರಿಯಾ ವಿನೋಬನಗರದ್ದು 790, ಗೋಪಾಳದ್ದು 780. ಹತ್ತೇ ಅಡಿ ವ್ಯತ್ಯಾಸ! ಒಂದು ಮಂಚದ ಕೆಳಗಿನ ಜಾಗವೂ ಅಲ್ಲ. ಈಗ ಭಾಗ್ಸು, ವಿನೋಬನಗರದ್ದು ಅಡಿಗೆ 5570, ಗೋಪಾಳದ್ದು 5128. ಅಗ್ಗ ಯಾವ್ದು ಹೇಳು. ಗೋಪಾಳದ ರೇಟನ್ನೇ 790 ಅಡಿಗೆ ಹಾಕಿದ್ರೆ ನಲವತ್ತೂವರೆ ಲಕ್ಷ ಆಗುತ್ತೆ, ಅದ್ರ ಮೇಲಿನ ಮೂರೂವರೆ ಯಾತಕ್ಕೆ ಅಂತ ಮಾರೋರೇ ಹೇಳ್ಲಿ. ಬಸ್ಸು, ಪೇಟೆ ಹತ್ರ ಅಂತಾರೆ, ನಿಂಗೆ ಆಫೀಸಿರೋದು ಸಾಗರ ರಸ್ತೇಲಿ, ಆ ಹತ್ರ ಯಾರಿಗೆ ಬೇಕು. (ಮೇಂಟೆನೆನ್ಸ್ ಮಾತ್ರ ಹಸಿ ತೂಕಕ್ಕೇ ಕಟ್ಟಿಸ್ಕೊತಾರೆ ನೋಡು, ಅಡಿಗೆ 2 ರೂಪಾಯಿ ಅಂದ್ರೆ ತಿಂಗಳಿಗೆ 2300.)

ಇನ್ನೊಂದು, ಮನೆ ಒಣಗಿದ್ಯಾ ಅಂತ. ನಮ್ ಫ್ಲಾಟನ್ನ ನಾವು ನೋಡಿದ್ದು ಏಪ್ರಿಲ್‌ನಲ್ಲಿ, ಘಮ್ಮಂತ ಹೊಸಾ ಪೇಂಟ್ ವಾಸನೆ, ಗೋಡೆ ಬೆಳ್ಳಗೆ ಹಾಲಿನ ಹಾಗೆ. ಬಿಲ್ಡರ್ ಟೀ ಬೇರೆ ಕುಡ್ಸಿದ್ದ. ಆರಿದ್ರೆ ಮಳೆ ಹಿಡೀತು ನೋಡು, ಪಡುವಣ ಗೋಡೆಗೆ ಮಳೆ ಬಡ್ದು ಬಡ್ದು ಬೀರು ಹಿಂದೆಲ್ಲ ನೀರಾಡಿ, ಆಗಸ್ಟ್ ಹೊತ್ತಿಗೆ ನನ್ ಧಾರೆ ಸೀರೆ ಮಡಿಕೆಲಿ ಬೂಷ್ಟು, ಇವತ್ತಿಗೂ ಆ ಕಲೆ ಹೋಗಿಲ್ಲ. ಹೊರಗೋಡೆಗೆ ಮತ್ತೆ ವಾಟರ್‌ಪ್ರೂಫ್ ಮಾಡ್ಸಕ್ಕೆ ಬಿಲ್ಡರ್ ಬರ್ತೀನಿ ಬರ್ತೀನಿ ಅಂದು ಫೋನೇ ಎತ್ಲಿಲ್ಲ, ನಾವೇ ಎಲ್ಲಾ ಫ್ಲಾಟಿನೋರು ದುಡ್ಡು ಹಾಕಿ ಮಾಡಿಸ್ಕೊಂಡ್ವಿ. ಅದಕ್ಕೇ ಹೇಳೋದು, ಮಾರೋಕೆ ಮುಂಚೆ ಒಂದೇ ಗೋಡೆಗೆ ಹೊಸ ಪೇಂಟ್ ಬಳಿದಿದ್ರೆ ಯಾಕೆ ಅಂತ ಕೇಳು, ಬೀರು ಸರ್ಸಿ ಹಿಂದೆ ಕೈ ಇಟ್ಟು ನೋಡು, ನಾಚ್ಕೋಬೇಡ. ಬಟ್ಟೆ ಒಣಗಾಕಕ್ಕೆ ಜಾಗ ಇದ್ಯಾ ನೋಡು, ನಮ್ ಊರಲ್ಲಿ ಜುಲೈ ಪೂರ್ತಿ ಒಂದ್ ಟವೆಲ್ ಒಣಗಲ್ಲ. ಕೆಳಗಿನ ಪಾರ್ಕಿಂಗಲ್ಲಿ 2019ರ ಆಗಸ್ಟ್ ಮಳೇಲಿ ನೀರು ನಿಂತಿತ್ತಾ ಅಂತ ಬ್ರೋಕರ್ ಹತ್ರ ಕೇಳ್ಬೇಡ, ಬೀದಿ ತುದಿ ಕಿರಾಣಿ ಅಂಗಡಿಯವ್ರನ್ನ ಕೇಳು. ಕೋರ್ಪಲಯ್ಯನ ಛತ್ರದ ಹತ್ರ ತುಂಗೇಲಿ ಮಂಟಪ ಮುಳುಗಿದಾಗ ತಗ್ಗಿನ ಬೀದಿಗಳಲ್ಲಿ ಎಲ್ಲಿವರೆಗೆ ನೀರು ಬಂತು ಅಂತ ಅವ್ರಿಗೆ ಗೆರೆ ಸಮೇತ ಗೊತ್ತಿರುತ್ತೆ.

ಕಾಗದಪತ್ರದ ವಿಷ್ಯ ವಕೀಲರು ನೋಡ್ಲಿ, ಇ-ಖಾತೆ, ಹಳೇ ಮಾರಾಟ, ಸಾಲ ತೋರ್ಸೋ ಇಸಿ, ವಾಸಕ್ಕೆ ಸರಿ ಅಂತ ಪಾಲಿಕೆ ಕೊಟ್ಟ ಓಸಿ. ನೀನು ಕೇಳ್ಬೇಕಾಗಿದ್ದು ಒಂದೇ, ನೆಲದಲ್ಲಿ ನಿನ್ ಅವಿಭಜಿತ ಪಾಲು ಎಷ್ಟು ಅಡಿ. ವಿನೋಬನಗರದ್ದು ಒಂಬತ್ತು ವರ್ಷದ ಕಟ್ಟಡ, ಗೋಡೆ ಹಳೇದಾಗ್ತಾ ಹೋಗುತ್ತೆ, ಬೆಲೆ ಏರೋದು ನೆಲಕ್ಕೆ. ಅದೇ ಬಿಲ್ಡಿಂಗಲ್ಲಿ ಮೊದ್ಲು ಮಾರಿದೋರ ಪತ್ರದಲ್ಲಿ ಬೆಲೆ ಎಷ್ಟಿದೆ ಅಂತ ಇಸಿಲಿ ಕಾಣುತ್ತೆ, ಆದ್ರೆ ಪತ್ರದಲ್ಲಿರೋ ಅಂಕಿ, ಕೈ ಬದಲಾದ ಅಂಕಿ ಎರಡೂ ಯಾವಾಗ್ಲೂ ಒಂದೇ ಅಲ್ಲ, ಅದು ನಿಂಗೂ ಗೊತ್ತು.

ಬೆಲೆ 44 ಅಂದ್ರೆ ಖರ್ಚು 44 ಅಲ್ಲ. ಕೈ ಬದಲಾಗೋ ಹಳೇ ಫ್ಲಾಟಿಗೆ ಸ್ಟಾಂಪ್ ಡ್ಯೂಟಿ 5 ಪರ್ಸೆಂಟು, ಅದ್ರ ಮೇಲೆ ಸೆಸ್ಸು ಸರ್‌ಚಾರ್ಜು, ನೋಂದಣಿ ಫೀಸು 2025ರ ಆಗಸ್ಟ್ 31ರಿಂದ 1 ಇದ್ದದ್ದು 2 ಆಗಿದೆ, ಎಲ್ಲಾ ಸೇರಿ ಏಳೂವರೆ ಮೇಲೆ, ಅಂದ್ರೆ ಮೂರು ಲಕ್ಷದ ಮೂವತ್ತು ಸಾವಿರದಷ್ಟು ಕೈಯಿಂದ್ಲೇ ಹಾಕ್ಬೇಕು. 35 ಲಕ್ಷ ಸಾಲ 8 ಪರ್ಸೆಂಟಿಗೆ 20 ವರ್ಷಕ್ಕೆ ತಗೊಂಡ್ರೆ ಕಂತು 29 ಸಾವಿರದ ಮೇಲೆ. ಅದೇ ಬಿಲ್ಡಿಂಗಲ್ಲಿ ಬಾಡಿಗೆ 12 ಸಾವಿರ ಅಂತ ನೀನೇ ಹೇಳ್ದೆ. ವರ್ಷಕ್ಕೆ 1 ಲಕ್ಷ 44 ಸಾವಿರ, 44 ಲಕ್ಷಕ್ಕೆ ಬರೀ ಮೂರೂಕಾಲು ಪರ್ಸೆಂಟಷ್ಟೇ ಬಂತು. ನೀನು ಇರೋದಕ್ಕೇ ತಗೋತೀಯ, ಬಾಡಿಗೆ ಲೆಕ್ಕ ಯಾಕೆ ಅಂತೀಯ. ಸರಿ, ಆದ್ರೆ ಬೆಂಗ್ಳೂರಿಗೆ ಟ್ರಾನ್ಸ್‌ಫರ್ ಆದ್ರೆ? ನಿಮ್ ಅಪ್ಪಯ್ಯ ಬಂದು ಇಲ್ಲಿರ್ತಾನಾ, ತೋಟ ಬಿಟ್ಟು ಒಂದ್ ರಾತ್ರಿ ಇರಲ್ಲ ಅವ್ನು.

ನನ್ ಲೆಕ್ಕದಲ್ಲಿ ವಿನೋಬನಗರದ್ದಕ್ಕೆ 38 ಅಂತ ಶುರು ಮಾಡು, 40ರ ಮೇಲೆ ಒಂದ್ ರೂಪಾಯಿ ಬೇಡ. ಈ ವಾರವೇ ಅಡ್ವಾನ್ಸ್ ಕೊಡಿ, ಬೇರೆ ಪಾರ್ಟಿ ಇದೆ ಅಂತಾನೆ ಬ್ರೋಕರ್, ಇರ್ಲಿ ಬಿಡು, ನಮ್ಗೂ 2014ರಲ್ಲಿ ಅದೇ ಬೇರೆ ಪಾರ್ಟಿ ಇತ್ತು.

ಪುನರ್ವಸು ಮಳೆ ಹುಟ್ಲಿ, ಒಂದ್ ಭಾನುವಾರ ಜೋರು ಮಳೆ ಬರುವಾಗ ಇಬ್ರೂ ಹೋಗಿ ಎರಡು ಫ್ಲಾಟೂ ಮತ್ತೆ ನೋಡ್ಕೊಂಡ್ ಬರೋಣ. ಮಾವನ್ನ ಕರ್ಕೊಂಡ್ ಹೋಗೋದ್ ಬೇಡ.

ನಿನ್ನ ಅತ್ತೆ